ಹಾರುವ ಬಾತಿನ ಹೆಸರೇನು?

ಡಿಸೆಂಬರ್ ತಿಂಗಳ ಒಂದು ಸಂಜೆ. ಬಂಟ್ವಾಳ ಮತ್ತು ಮೂಡಬಿದಿರೆಗಳ ನಡುವಿನ ಯಾವುದೋ ಒಂದು ಬೈಲಿನಲ್ಲಿ ಸುಗ್ಗಿಯ ಪೈರು ನಿಂತಿದೆ. ಎರಡೂ ಕಡೆ ಮುರಕಲ್ಲಿನ ಗುಡ್ಡ, ಗುಡ್ಡದ ತಪ್ಪಲಿನಲ್ಲಿ ಅಡಿಕೆಯ ತೋಟ. ದನಕರುಗಳು ಹಟ್ಟಿ ಸೇರುವ ಹೊತ್ತು. ಆಗ ತೋಟದ ಮೇಲಿನಿಂದ ಹತ್ತಿಪ್ಪತ್ತು ಹಕ್ಕಿಗಳ ಒಂದು ಹಿಂಡು ತೂರಿಬಂದು, ಗದ್ದೆಯ ಮೇಲೆ ಒಂದು ಸುತ್ತು ಹಾಕಿ, ಮಬ್ಬಿನಲ್ಲಿ ಮರೆಯಾಗುತ್ತದೆ. ಗದ್ದೆಯ ಹುಣಿಯ ಮೇಲೆ ನಿಂತ ಮೂವರಲ್ಲಿ ಒಬ್ಬರು "ನೀರುಕಾಗೆ" ಎನ್ನುತ್ತಾರೆ. ಇನ್ನೊಬ್ಬರು "ಕಾಡುಬಾತು" ಎನ್ನುತ್ತಾರೆ. ಪತ್ರಿಕೆಯಲ್ಲಿ ವಲಸೆಹಕ್ಕಿಗಳ ವಿಚಾರ ಓದಿದ ವಿದ್ಯಾರ್ಥಿಯು "ಹಿಮಾಲಯ ದಾಟಿ ಬಂದ ಹೆಬ್ಬಾತು" ಎಂದು ಸಾಧಿಸುತ್ತಾನೆ. ಹಕ್ಕಿ ಕಣ್ಣಿಗೆ ಬಿದ್ದದ್ದು ಹತ್ತು ಸೆಕೆಂಡು. ಈ ಹತ್ತು ಸೆಕೆಂಡುಗಳಲ್ಲಿ ಅದರ ಹೆಸರನ್ನು ತಪ್ಪಿಲ್ಲದೆ ಹೇಳಲು ಸಾಧ್ಯವೆ? ಹೇಳಿದರೆ ಆಗುವ ಲಾಭವಾದರೂ ಏನು? ಇವೆರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸೋಣ.

ಬೇಟೆಗಾರನ ವಿದ್ಯೆ

ನೀರುಹಕ್ಕಿಗಳನ್ನು ಹಾರಾಟದಲ್ಲಿಯೇ ಗುರುತಿಸುವ ವಿದ್ಯೆಯನ್ನು ಮೊದಲು ಬೆಳೆಸಿದವರು ಬೇಟೆಗಾರರು ಎಂದರೆ ತಪ್ಪಾಗದು. ಭಾರತದ ಬೇಟೆಹಕ್ಕಿಗಳನ್ನು ಕುರಿತು ಹ್ಯೂಮ್ ಮತ್ತು ಮಾರ್ಷಲ್ ಎಂಬವರು 1879ರಿಂದ 1881ರವರೆಗೆ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. 1908ರಲ್ಲಿ ಸ್ಟುವರ್ಟ್ ಬೇಕರ್ ಎಂಬವರು ಭಾರತದ ಬಾತುಗಳಿಗಾಗಿಯೇ ಒಂದು ಪುಸ್ತಕವನ್ನು ಬರೆದರು. ಇವನ್ನು ಕೊಂಡು ಓದಿದವರಲ್ಲಿ ಕೋವಿ ಹಿಡಿದವರೇ ಬಹಳ ಮಂದಿ. ಆದರೆ ಓದಿದವರೆಲ್ಲರೂ ನೋಡಿ ಗುಂಡು ಹಾರಿಸಿದರೆಂದು ತಿಳಿಯಬಾರದು. 1938ರ ನವೆಂಬರ್ 12ರಂದು ಭರತಪುರದ ಕೆರೆಯಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರಿಗಾಗಿ ಏರ್ಪಡಿಸಿದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತುವು. ಅಷ್ಟು ಗುಂಡುಗಳ ನಡುವೆ ಯಾವ ಜಾತಿ ಯಾವುದೆಂದು ನೋಡುವ ವ್ಯವಧಾನ ಯಾರಿಗಿದ್ದೀತು?

ನೋಡದೆ ಹೊಡೆಯುವುದರಿಂದ ಏನಾಗಬಹುದೆಂಬುದಕ್ಕೆ ಗುಲಾಬಿತಲೆ ಬಾತು ಸಾಕ್ಷಿಯಾಗಿದೆ. ಗಂಡುಹಕ್ಕಿಯ ತಲೆ ಮತ್ತು ಕುತ್ತಿಗೆ ಎಳೆಗೆಂಪು, ಮೈ ಕಡುಕಂದು. ಉತ್ತರ ಮತ್ತು ಪೂರ್ವ ಭಾರತದ ಜೊಂಡು ತುಂಬಿದ ಕೊಳಗಳಲ್ಲಿ ಇದ್ದ ಈ ಹಕ್ಕಿ ಎಂದೂ ಹೇರಳವಾಗಿರಲಿಲ್ಲ. 1935ರಲ್ಲಿ ಬಿಹಾರದ ದರ್ಭಂಗಾ ಪ್ರದೇಶದಲ್ಲಿ ಒಂದು ಹಕ್ಕಿ ಗುಂಡಿಗೆ ಬಿದ್ದಿತು. ಕಾಡಿನಿಂದ ದೊರೆತ, ಸಂಶಯಕ್ಕೆ ಎಡೆಯಿಲ್ಲದ ಕೊನೆಯ ಹಕ್ಕಿಯೆಂದು ಅದನ್ನೇ ಎಣಿಸುತ್ತಾರೆ. ಮುಂದೆ ಆಗಾಗ "ನಾನು ಕಂಡೆ" ಎಂದವರು ಇದ್ದಾರೆ. ಆದರೆ ಚಳಿಗಾಲಕ್ಕೆ ಬರುವ ಕೆಂಪು ಜುಟ್ಟಿನ ಬಾತನ್ನು ದೂರದಿಂದ ಕಂಡು ಗುಲಾಬಿತಲೆಯೆಂದು ಭ್ರಮಿಸುವುದು ಬಲು ಸುಲಭ. ಮೊದಲು, ಗುರುತು ನೋಡದೆ ಹೊಡೆದು ಹಕ್ಕಿಯನ್ನು ಕಳೆದುಕೊಂಡೆವು. ಆಮೇಲೆ, ಗುರುತು ತಪ್ಪಿ ಅದರ ಸುದ್ದಿಯನ್ನೂ ನಂಬಲಾರದವರಾದೆವು.

ಇಂದು ಭಾರತದಲ್ಲಿ ಕಾಡುಬಾತುಗಳ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವುಗಳಿಗೆ ರಕ್ಷಣೆ ಕೊಟ್ಟಿತು. ಪರವಾನಗಿ ಪಡೆದು ಆಡುತ್ತಿದ್ದ ಬೇಟೆಯ ಪದ್ಧತಿಯನ್ನು 1991ರ ತಿದ್ದುಪಡಿ ಕೊನೆಗೊಳಿಸಿತು. ಗೂಡು ಕೆಡಿಸುವುದು, ಮೊಟ್ಟೆ ಕದಿಯುವುದು ಕೂಡ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ಅಮೆರಿಕದಂತಹ ಕೆಲವು ದೇಶಗಳಲ್ಲಿ ಬೇಟೆ ಇನ್ನೂ ನಡೆಯುತ್ತಿದೆ. ಅಲ್ಲಿಯಾದರೂ ಒಂದು ದಿನದಲ್ಲಿ ಯಾವ ಜಾತಿಯ ಎಷ್ಟು ಹಕ್ಕಿಯನ್ನು ಹೊಡೆಯಬಹುದು, ಕೆಲವು ಜಾತಿಗಳಲ್ಲಿ ಹೆಣ್ಣು ಎಷ್ಟಿರಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಮಿತಿಯುಂಟು. ಆದುದರಿಂದ ಅಲ್ಲಿಯ ಬೇಟೆಗಾರನು ಕುದುರೆ ಎಳೆಯುವ ಮೊದಲು ಹೆಸರು ಹೇಳಬಲ್ಲವನಾಗಿರಬೇಕು. ನಮ್ಮಲ್ಲಿ ಕೋವಿ ಕೆಳಗಿಳಿಯಿತು. ಆದರೆ ಆ ವಿದ್ಯೆ ನಿರುಪಯುಕ್ತವಾಗಲಿಲ್ಲ. ಹಕ್ಕಿಗಳನ್ನು ಎಣಿಸುವವರಿಗೆ ಅದು ಇಂದು ಮೊದಲಿಗಿಂತಲೂ ಹೆಚ್ಚು ಅಗತ್ಯವಾಗಿದೆ.

ಅದು ಬಾತು ಹೌದೆ?

ಹೆಸರು ಹುಡುಕುವ ಮೊದಲು ಒಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ನೀರಿನಲ್ಲಿ ಈಜುವುದೆಲ್ಲ ಬಾತಲ್ಲ. ಬಾತು, ಹೆಬ್ಬಾತು, ಹಂಸಗಳು ಒಂದೇ ಕುಟುಂಬಕ್ಕೆ ಸೇರಿದವು. ಈ ಕುಟುಂಬದ ಬಹುಪಾಲು ಹಕ್ಕಿಗಳ ಕೊಕ್ಕು ಅಗಲವಾಗಿ ಚಪ್ಪಟೆಯಾಗಿದೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಸಣ್ಣ ಏಣುಗಳಿರುವುವು. ಕೆಸರುನೀರನ್ನು ಹೊರಕ್ಕೆ ಬಿಟ್ಟು ಕಾಳು, ಹುಳು, ಪಾಚಿಗಳನ್ನು ಒಳಗೆ ಉಳಿಸಿಕೊಳ್ಳುವ ಜರಡಿ ಇದು. ಕಾಲಿನ ಮುಂದಿನ ಮೂರು ಬೆರಳುಗಳು ಪೊರೆಯಿಂದ ಕೂಡಿಕೊಂಡಿವೆ.

ಈಗ ನಮ್ಮ ಮೂವರಲ್ಲಿ ಮೊದಲನೆಯವರು ಹೇಳಿದ ನೀರುಕಾಗೆಯನ್ನು ನೋಡಿ. ಅದರ ಕೊಕ್ಕು ಸಪೂರ, ತುದಿ ಕೊಕ್ಕೆಯಂತೆ ಬಾಗಿದೆ. ಮೀನು ಹಿಡಿಯಲು ಅದೇ ತಕ್ಕ ಸಾಧನ. ನಾಲ್ಕೂ ಬೆರಳುಗಳಿಗೆ ಪೊರೆ ಹಬ್ಬಿದೆ. ಈಜುವಾಗ ಮೈ ನೀರಿನೊಳಗೆ ಬಹುಪಾಲು ಮುಳುಗಿ ಕುತ್ತಿಗೆ ಮಾತ್ರ ಮೇಲೆ ಕಾಣುತ್ತದೆ. ನೇತ್ರಾವತಿಯ ಬಂಡೆಗಳ ಮೇಲೆ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತ ಕುಳಿತ ಕಪ್ಪು ಹಕ್ಕಿ ನೀರುಕಾಗೆಯೇ ಹೊರತು ಬಾತಲ್ಲ.

ಗುಳುಮುಳುಕ ಎಂಬುದು ಇನ್ನೊಂದು ಮೋಸಗಾರ. ಕೆರೆಯ ನಡುವೆ ಉಂಡೆಯಂತೆ ತೇಲುತ್ತಿದ್ದು, ನೋಡುನೋಡುತ್ತಿದ್ದಂತೆ "ಗುಳುಂ" ಎಂದು ಮುಳುಗಿ ಬೇರೆಲ್ಲಿಯೋ ಏಳುವ ಈ ಪುಟ್ಟ ಹಕ್ಕಿಯನ್ನು ಅನೇಕರು ಬಾತಿನ ಮರಿಯೆಂದೇ ತಿಳಿದಿದ್ದಾರೆ. ಇದರ ಕೊಕ್ಕು ಚೂಪು. ಬಾಲ ಇದೆಯೋ ಇಲ್ಲವೋ ಎಂಬಂತಿದೆ. ಬೆರಳುಗಳಿಗೆ ಪೊರೆಯಿಲ್ಲ, ಒಂದೊಂದಕ್ಕೂ ಬೇರೆಬೇರೆ ಎಲೆಯಂತಹ ಅಂಚು ಇದೆ. ಕಪ್ಪು ಮೈಯ, ಹಣೆಯಲ್ಲಿ ಬಿಳಿಯ ನಾಮವಿಟ್ಟಂತೆ ಕಾಣುವ ನಾಮದ ಕೋಳಿಯೂ ಹೀಗೆಯೇ. ಅದರ ಬಳಗ ಹುಂಡುಕೋಳಿಯದು, ಬಾತಿನದಲ್ಲ.

ಮನೆಯ ಬಾತನ್ನೂ ಮರೆಯಬಾರದು. ನಮ್ಮ ಹಳ್ಳಿಗಳಲ್ಲಿ ಸಾಕುವ ಸಾಮಾನ್ಯ ಬಾತುಗಳು ಮಲಾರ್ಡ್ ಎಂಬ ಕಾಡುಜಾತಿಯ ಸಂತಾನ. ಮುಖದಲ್ಲಿ ಕೆಂಪು ಗಂಟುಗಳಿರುವ ಭಾರಿ ಬಾತು ದಕ್ಷಿಣ ಅಮೆರಿಕ ಮೂಲದ ಮಸ್ಕೊವಿ. ದೇವಸ್ಥಾನದ ಕೆರೆಯಲ್ಲಿ ಅಚ್ಚಬಿಳಿಯ ಬಾತು ಕಂಡರೆ, ಅದು ಯಾರದೋ ಮನೆಯಿಂದ ಬಂದದ್ದೆಂದು ತಿಳಿಯುವುದು ಕ್ಷೇಮ.

ಬಾತೋ ಹೆಬ್ಬಾತೋ?

ಹೆಬ್ಬಾತು ಹೆಸರೇ ಹೇಳುವಂತೆ ದೊಡ್ಡದು. ಕುತ್ತಿಗೆ ನೀಳ, ಕೊಕ್ಕಿನ ಬುಡ ದಪ್ಪ. ಬಾತು ಬಹುಮಟ್ಟಿಗೆ ನೀರಿನಲ್ಲಿ ಮೇಯುತ್ತದೆ; ಹೆಬ್ಬಾತು ದನದಂತೆ ನೆಲದ ಮೇಲೆ ಹುಲ್ಲು, ಎಳೆಪೈರುಗಳನ್ನು ಮೇಯುತ್ತದೆ. ಬಾತಿನ ಕಾಲು ಹಿಂದಕ್ಕೆ ಸರಿದಿರುವುದರಿಂದ ಅದರ ನಡಿಗೆ ಓಲಾಡುವ ನಡಿಗೆ. ಹೆಬ್ಬಾತಿನ ಕಾಲು ಮೈಯ ನಡುವೆ ಇರುವುದರಿಂದ ಅದು ಚೆನ್ನಾಗಿ ನಡೆಯಬಲ್ಲುದು. ಹೆಬ್ಬಾತಿನ ರೆಕ್ಕೆಯ ಬಡಿತ ನಿಧಾನ. ಹಿಂಡು ಆಕಾಶದಲ್ಲಿ ಬಾಣದ ತುದಿಯಂತೆ ಅಥವಾ ಓರೆಗೆರೆಯಂತೆ ಸಾಗುತ್ತದೆ. ಬಾತಿನ ಬಡಿತ ಚುರುಕು. ಹೆಬ್ಬಾತುಗಳಲ್ಲಿ ಗಂಡುಹೆಣ್ಣುಗಳ ಬಣ್ಣ ಒಂದೇ. ಬಾತುಗಳಲ್ಲಿ ಅನೇಕ ಜಾತಿಯ ಗಂಡು ಬಣ್ಣದ ಅಂಗಿ ತೊಟ್ಟಂತಿದ್ದರೆ ಹೆಣ್ಣು ಮಣ್ಣಿನ ಬಣ್ಣದ್ದು.

ಕರ್ನಾಟಕದಲ್ಲಿ ಕಾಡು ಹೆಬ್ಬಾತು ಎಂದರೆ ಬಹುಮಟ್ಟಿಗೆ ಒಂದೇ ಜಾತಿ: ಪಟ್ಟೆತಲೆ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಇದನ್ನು ನೋಡಬೇಕಾದರೆ ಘಟ್ಟ ಹತ್ತಿ ಬಯಲುಸೀಮೆಗೆ ಹೋಗಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳ ಚಳಿಗಾಲದ ಬೀಡೆಂದು ಪ್ರಸಿದ್ಧ. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಒಪ್ಪಂದದ ಮಾನ್ಯತೆ ದೊರೆಯಿತು. ಹಗಲಿನಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಸುತ್ತಲಿನ ವಿಶಾಲವಾದ ಹೊಲಗಳಿಗೆ ಅವು ಮೇಯಲು ಹೋಗುತ್ತವೆ. ಗುಡ್ಡ, ತೋಟ, ಕಾಡುಗಳ ನಡುವೆ ಕಿರಿದಾದ ಬೈಲುಗಳಿರುವ ಬೆಳ್ತಂಗಡಿ, ಬಂಟ್ವಾಳಗಳ ನೆಲ ಅವುಗಳಿಗೆ ಒಗ್ಗುವಂತಹದಲ್ಲ.

ಈ ಹಕ್ಕಿಯ ಪ್ರವಾಸ ವಿಜ್ಞಾನದ ದೊಡ್ಡ ಸೋಜಿಗಗಳಲ್ಲಿ ಒಂದು. ಮಂಗೋಲಿಯ ಮತ್ತು ಟಿಬೆಟ್ಟಿನ ಸರೋವರಗಳಲ್ಲಿ ಮರಿ ಮಾಡಿ ಅದು ಚಳಿಗಾಲಕ್ಕೆ ಹಿಮಾಲಯ ದಾಟಿ ಬರುತ್ತದೆ. ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಕಟ್ಟಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಹೆಬ್ಬಾತು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಯಿತು. ಅಷ್ಟು ಎತ್ತರದಲ್ಲಿ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಇದರ ರಕ್ತದ ಹಿಮೊಗ್ಲೋಬಿನ್ ಅಣುವಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿ, ಪ್ರೋಲೀನ್ ಇರಬೇಕಾದ ಒಂದು ಎಡೆಯಲ್ಲಿ ಅಲನೀನ್ ಬಂದಿದೆ. ಆ ಸಣ್ಣ ಬದಲಾವಣೆಯಿಂದ ಅಣುವು ಆಮ್ಲಜನಕವನ್ನು ಹೆಚ್ಚು ಬಲವಾಗಿ ಹಿಡಿಯಬಲ್ಲುದಾಗಿದೆ. ಮಾನಸ ಸರೋವರಕ್ಕೆ ಹೋಗಿಬರುವ ಹಂಸವೆಂದು ಸಂಸ್ಕೃತ ಕವಿಗಳು ವರ್ಣಿಸಿದ್ದು ಈ ಹಕ್ಕಿಯನ್ನೇ ಇರಬೇಕೆಂದು ಊಹಿಸಿದವರೂ ಉಂಟು. ಇಂತಹ ಹಕ್ಕಿಯನ್ನು ಕಂಡೆನೆಂದು ಹೇಳಿಕೊಳ್ಳುವ ಆಸೆ ಯಾರಿಗಿಲ್ಲ? ಆಸೆಯೇ ಗುರುತು ಹಿಡಿಯುವವನ ಮೊದಲನೆಯ ಶತ್ರು.

ಊರಿನ ಬಾತುಗಳು

ಹಾಗಾದರೆ ನಮ್ಮ ಬೈಲುಗಳಲ್ಲಿ ಕಾಣುವ ಕಾಡುಬಾತು ಯಾವುದು? ಹೆಚ್ಚು ಸಂಭವವಿರುವುದು ಸಿಳ್ಳೆ ಬಾತು. ಇದರ ಉದ್ದ ಸುಮಾರು 42 ಸೆಂಟಿಮೀಟರು. ಮೈ ತಿಳಿಗಂದು, ಬಾಲದ ಬುಡ ಕೆಂಗಂದು, ಗಂಡುಹೆಣ್ಣುಗಳಲ್ಲಿ ಭೇದವಿಲ್ಲ. ಹಗಲಿಡೀ ಗಿಡಗಂಟಿಗಳಿರುವ ಕೆರೆಯ ಅಂಚಿನಲ್ಲಿ ಅಡಗಿದ್ದು, ಸಂಜೆಯಾದೊಡನೆ ಗದ್ದೆಗಳಿಗೆ ಹಾರಿ ರಾತ್ರಿ ಮೇಯುವುದು ಇದರ ವಾಡಿಕೆ. ಹಾರುವಾಗ "ಸೀ-ಸಿಕ್, ಸೀ-ಸಿಕ್" ಎಂದು ಸಿಳ್ಳು ಹಾಕುತ್ತಲೇ ಇರುತ್ತದೆ. ಕುತ್ತಿಗೆ ಸ್ವಲ್ಪ ಕೆಳಕ್ಕೆ ಬಾಗಿ, ಬೆನ್ನು ಗೂನಾದಂತೆ ಕಾಣುತ್ತದೆ. ಕಾಲುಗಳು ಬಾಲದ ಹಿಂದಕ್ಕೆ ಚಾಚಿರುತ್ತವೆ. ರೆಕ್ಕೆ ಅಗಲ, ಬಡಿತ ಇತರ ಬಾತುಗಳಷ್ಟು ರಭಸವಲ್ಲ. ಕತ್ತಲೆಯಲ್ಲಿ ಬಣ್ಣ ಕಾಣದಿದ್ದರೂ ಈ ಆಕಾರ ಮತ್ತು ಈ ಸಿಳ್ಳು ಸಾಕು. ಮಳೆಗಾಲದಲ್ಲಿ ಇದು ಮರದ ಪೊಟರೆಯಲ್ಲಿ ಅಥವಾ ಕಾಗೆ, ಕೊಕ್ಕರೆಗಳು ಬಿಟ್ಟುಹೋದ ಗೂಡಿನಲ್ಲಿ ಮೊಟ್ಟೆಯಿಡುವುದುಂಟು. ಬಾತು ಮರದ ಮೇಲೆ ಕುಳಿತಿದೆಯೆಂದು ಯಾರಾದರೂ ಹೇಳಿದರೆ ನಗಬೇಡಿರಿ.

ಎರಡನೆಯದು ಬಾತುಗಳಲ್ಲೆಲ್ಲ ಪುಟ್ಟದು, 32 ಸೆಂಟಿಮೀಟರಿನಷ್ಟು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕಾಟನ್ ಟೀಲ್ ಎಂದು ಹೆಸರು. ನಾವು ಹತ್ತಿ ಬಾತು ಎನ್ನೋಣ. ಇಂಗ್ಲಿಷಿನಲ್ಲಿ ಈಗ ಇದನ್ನು "ಪಿಗ್ಮಿ ಗೂಸ್", ಎಂದರೆ ಕುಳ್ಳ ಹೆಬ್ಬಾತು, ಎಂದು ಕರೆಯುತ್ತಾರೆ. ಇದು ಹೆಬ್ಬಾತಲ್ಲ, ಕೊಕ್ಕು ಮಾತ್ರ ಹೆಬ್ಬಾತಿನದರಂತೆ ಗಿಡ್ಡವಾಗಿ ಬುಡದಲ್ಲಿ ದಪ್ಪವಾಗಿದೆ. ಹೆಸರನ್ನು ನಂಬಿ ಹಕ್ಕಿಯನ್ನು ತಪ್ಪಾಗಿ ತಿಳಿಯುವುದಕ್ಕೆ ಇದು ಒಳ್ಳೆಯ ಉದಾಹರಣೆ. ತಾವರೆ, ನೈದಿಲೆಗಳು ಹಬ್ಬಿದ ಕೆರೆಗಳು ಇದಕ್ಕೆ ಪ್ರಿಯ. ಗಂಡಿನ ಮುಖ, ಕುತ್ತಿಗೆ, ಹೊಟ್ಟೆ ಬಿಳಿ. ಬೆನ್ನು ಹಸುರು ಹೊಳಪಿನ ಕಪ್ಪು. ಹಾರುವಾಗ ರೆಕ್ಕೆಯಲ್ಲಿ ಅಗಲವಾದ ಬಿಳಿಯ ಪಟ್ಟಿ ಮಿಂಚುತ್ತದೆ. ಹೆಣ್ಣಿಗೆ ಕಣ್ಣಿನ ಮೇಲೆ ಹಾಯುವ ಕಪ್ಪು ಗೆರೆಯಿದೆ. ರೆಕ್ಕೆಯ ಹಿಂದಿನ ಅಂಚು ಮಾತ್ರ ಬಿಳಿ.

ಮೂರನೆಯದು ವರಟೆ, ಸುಮಾರು 60 ಸೆಂಟಿಮೀಟರು ಉದ್ದದ ದೊಡ್ಡ ಬಾತು. ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ, ಕಾಲು ಕಿತ್ತಳೆಗೆಂಪು, ರೆಕ್ಕೆಯಲ್ಲಿ ಹಸುರು ಹೊಳಪಿನ ಪಟ್ಟಿ, ಅದರ ಬಳಿಯಲ್ಲಿ ಎದ್ದು ಕಾಣುವ ಬಿಳಿ. ಇದೂ ನಮ್ಮ ದೇಶದಲ್ಲಿಯೇ ನೆಲಸಿರುವ ಹಕ್ಕಿ. ಘಟ್ಟದ ಮೇಲಿನ ಕೆರೆಗಳಲ್ಲಿ ಇದು ಹೆಚ್ಚು.

ಚಳಿಗಾಲದ ಅತಿಥಿಗಳು

ಅಕ್ಟೋಬರಿನಿಂದ ಮಾರ್ಚಿಯವರೆಗೆ ಕರ್ನಾಟಕದ ನೀರುಗಳಿಗೆ ಉತ್ತರದಿಂದ ಬಾತುಗಳು ಬರುತ್ತವೆ. ಸೂಜಿಬಾಲದ ಬಾತಿನ ಗಂಡಿಗೆ ಕಂದು ತಲೆ, ಬಿಳಿಯ ಕುತ್ತಿಗೆ, ಸೂಜಿಯಂತೆ ಹೊರಚಾಚಿದ ಬಾಲ. ಸಲಿಕೆ ಕೊಕ್ಕಿನ ಬಾತಿನ ಕೊಕ್ಕು ತುದಿಯಲ್ಲಿ ಅಗಲವಾಗಿದೆ. ಗಂಡಿಗೂ ಹೆಣ್ಣಿಗೂ ಈ ಗುರುತು ಸಮಾನ. ಗಾರ್ಗನಿ ಎಂಬ ಸಣ್ಣ ಬಾತಿನ ಗಂಡಿಗೆ ಕಣ್ಣಿನ ಮೇಲೆ ದಪ್ಪ ಬಿಳಿಯ ಹುಬ್ಬು, ರೆಕ್ಕೆಯ ಮುಂಭಾಗ ನೀಲಿಬೂದು.

ಪುಸ್ತಕದ ಚಿತ್ರಗಳನ್ನು ನೋಡಿ ಹೊರಟ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಚಿತ್ರದಲ್ಲಿರುವ ಬಣ್ಣದ ಗಂಡು ಅಕ್ಟೋಬರಿನಲ್ಲಿ ಕೆರೆಯಲ್ಲಿ ಇರುವುದೇ ಇಲ್ಲ! ಮರಿ ಮಾಡುವ ಕಾಲ ಕಳೆದ ಮೇಲೆ ಗಂಡುಬಾತು ಗರಿ ಉದುರಿಸಿ ಹೆಣ್ಣಿನಂತಹ ಮಾಸಲು ಉಡುಪನ್ನು ತಳೆಯುತ್ತದೆ. ಆಗ ಹಾರುವ ಗರಿಗಳೂ ಒಮ್ಮೆಗೇ ಉದುರಿ ಕೆಲವು ವಾರ ಅದಕ್ಕೆ ಹಾರಲಾಗದು. ಶತ್ರುವಿನ ಕಣ್ಣಿಗೆ ಬೀಳದಿರಲು ಮಾಸಲು ಬಣ್ಣವೇ ರಕ್ಷೆ. ಹಾರುವ ಗರಿ ಮತ್ತೆ ಬೆಳೆದ ಮೇಲೆ, ಆದರೆ ಬಣ್ಣ ಬರುವ ಮೊದಲೇ, ಅನೇಕ ಹಕ್ಕಿಗಳು ನಮ್ಮಲ್ಲಿಗೆ ಬಂದಿರುತ್ತವೆ. ಗಾರ್ಗನಿಯ ಗಂಡಂತೂ ಚಳಿಗಾಲದ ಬಹುಭಾಗವನ್ನು ಈ ವೇಷದಲ್ಲಿಯೇ ಕಳೆಯುತ್ತದೆ. ಆದರೆ ವೇಷ ಬದಲಾದರೂ ಕೊಕ್ಕಿನ ಆಕಾರ ಬದಲಾಗುವುದಿಲ್ಲ. ರೆಕ್ಕೆಯ ಮೇಲಿನ ಪಟ್ಟಿಯೂ ಬಹುಮಟ್ಟಿಗೆ ಉಳಿದಿರುತ್ತದೆ. ಆದುದರಿಂದ ನುರಿತವರು ಮೈಬಣ್ಣವನ್ನು ಕೊನೆಗೆ ನೋಡುತ್ತಾರೆ. ಮೊದಲು ಗಾತ್ರ, ಆಮೇಲೆ ಆಕಾರ, ಆಮೇಲೆ ಹಾರುವ ರೀತಿ, ರೆಕ್ಕೆಯ ಗುರುತು, ಕೂಗು. ಇವುಗಳ ನಂತರ ಬಣ್ಣ.

ನೀರಿನಿಂದ ಮೇಲೇಳುವ ಬಗೆಯೂ ಒಂದು ಕುರುಹು. ವರಟೆ, ಸೂಜಿಬಾಲ, ಗಾರ್ಗನಿಗಳು ತಲೆ ಕೆಳಗೆ ಬಾಲ ಮೇಲೆ ಮಾಡಿ ಆಳವಿಲ್ಲದ ನೀರಿನಲ್ಲಿ ಮೇಯುವ ಜಾತಿಗಳು. ಬೆದರಿದಾಗ ಇವು ನೀರಿನಿಂದ ನೆಟ್ಟಗೆ ಚಿಮ್ಮುತ್ತವೆ. ಮುಳುಗಿ ಮೇಯುವ ಬಾತುಗಳು ನೀರಿನ ಮೇಲೆ ಸ್ವಲ್ಪ ದೂರ ಓಡಿಯೇ ಏಳಬೇಕು. ಗದ್ದೆಗೂ ಸಣ್ಣ ಕೆರೆಗೂ ಮೊದಲನೆಯ ಬಗೆಯವು ಏಕೆ ಹೊಂದುತ್ತವೆಂಬುದು ಇದರಿಂದಲೇ ತಿಳಿಯುತ್ತದೆ.

ಎಣಿಕೆಯ ಪುಸ್ತಕದಲ್ಲಿ

ಏಷ್ಯದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾಯಿತು. ಪ್ರತಿವರ್ಷ ಜನವರಿಯಲ್ಲಿ ಹಲವು ದೇಶಗಳ ಹವ್ಯಾಸಿಗಳು ತಮ್ಮ ತಮ್ಮ ಊರಿನ ಕೆರೆ, ನದಿ, ಹಿನ್ನೀರುಗಳ ಹಕ್ಕಿಗಳನ್ನು ಎಣಿಸುತ್ತಾರೆ. ಇದರಲ್ಲಿ ಶಾಲಾಕಾಲೇಜುಗಳ ವಿದ್ಯಾರ್ಥಿಗಳೂ ಸೇರಬಹುದು. ನಮ್ಮಲ್ಲಿ ಎಣಿಸಲು ಸ್ಥಳಗಳಿಗೆ ಕೊರತೆಯಿಲ್ಲ. ಮೂಡಬಿದಿರೆಯ ಕಡಲಕೆರೆ ಇದೆ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ನೇತ್ರಾವತಿ ನಿಂತ ನೀರಾಗಿದೆ. ಬೆಳ್ತಂಗಡಿಯಲ್ಲಿ ಘಟ್ಟದಿಂದ ಇಳಿಯುವ ಹೊಳೆಗಳ ಬದಿಯ ಗದ್ದೆಗಳಿವೆ. ಆದರೆ ಬೈಲುಗದ್ದೆಗಳು ವರ್ಷವರ್ಷವೂ ಅಡಿಕೆಯ ತೋಟಗಳಾಗುತ್ತಿವೆ. ಗದ್ದೆಯನ್ನೇ ನಂಬಿದ ಸಿಳ್ಳೆ ಬಾತು ಹೆಚ್ಚುತ್ತಿದೆಯೆ, ಕಡಮೆಯಾಗುತ್ತಿದೆಯೆ ಎಂಬುದನ್ನು ಹೇಳಬಲ್ಲದ್ದು ಹತ್ತಾರು ವರ್ಷಗಳ ಸರಿಯಾದ ಎಣಿಕೆಯೊಂದೇ. ಸಿಳ್ಳೆ ಬಾತನ್ನು ಹೆಬ್ಬಾತೆಂದು ಒಬ್ಬನು ಬರೆದರೆ ಎರಡು ಲೆಕ್ಕಗಳು ಕೆಡುತ್ತವೆ: ಇಲ್ಲದ ಹಕ್ಕಿ ಇದ್ದಂತಾಗುತ್ತದೆ, ಇದ್ದ ಹಕ್ಕಿ ಇಲ್ಲವಾಗುತ್ತದೆ. ಮುಂದೆ ಆ ಕೆರೆಯನ್ನು ಉಳಿಸಬೇಕೆ ಬೇಡವೆ ಎಂದು ತೀರ್ಮಾನಿಸುವವರು ಈ ತಪ್ಪು ಲೆಕ್ಕವನ್ನೇ ನೋಡುತ್ತಾರೆ.

ಆದುದರಿಂದ ಕೆರೆಗೆ ಹೋಗುವಾಗ ಒಂದು ಸಣ್ಣ ಪುಸ್ತಕ, ಪೆನ್ಸಿಲು ಇರಲಿ, ದೊರೆತರೆ ದುರ್ಬೀನು. ದಿನ, ಹೊತ್ತು, ಸ್ಥಳ, ಸಂಖ್ಯೆಗಳನ್ನು ಅಲ್ಲಿಯೇ ಬರೆಯಿರಿ. ಕಂಡದ್ದನ್ನು ಮೊದಲು ಬರೆದು, ಹೆಸರನ್ನು ಆಮೇಲೆ ಬರೆಯಿರಿ. ಹೆಸರು ಮೊದಲು ಬಂದರೆ ಕಣ್ಣು ಆ ಹೆಸರಿಗೆ ತಕ್ಕುದನ್ನೇ ಕಾಣತೊಡಗುತ್ತದೆ. ಸಂಶಯವಿದ್ದರೆ "ಬಾತು, ಜಾತಿ ತಿಳಿಯದು" ಎಂದು ಬರೆಯಲು ನಾಚಬೇಡಿರಿ. ಅದು ಸೋಲಲ್ಲ, ನಿಜವಾದ ದಾಖಲೆ.

ಈಗ ಆ ಸಂಜೆಯ ಹಿಂಡಿನ ಕಡೆಗೆ ಮರಳೋಣ. ಹಕ್ಕಿಗಳು ಸಂಜೆ ಗದ್ದೆಗೆ ಬಂದುವು. ಹಿಂಡು ಬಾಣದಂತಿರದೆ ಚದರಿತ್ತು. ಮೈ ಚಿಕ್ಕದು, ಕಾಲು ಹಿಂದೆ ಚಾಚಿತ್ತು. ಹಾರುವಾಗ ಎರಡು ಸ್ವರದ ಸಿಳ್ಳು ಎಡೆಬಿಡದೆ ಕೇಳುತ್ತಿತ್ತು. ಮೂವರಲ್ಲಿ "ಕಾಡುಬಾತು" ಎಂದವರ ಮಾತು ಸರಿ; ಹೆಸರು ಸಿಳ್ಳೆ ಬಾತು. ಅದು ಹಿಮಾಲಯವನ್ನು ದಾಟಿ ಬಂದದ್ದಲ್ಲ. ಕಳೆದ ಮಳೆಗಾಲದಲ್ಲಿ ಅಲ್ಲಿಯೇ ಯಾವುದಾದರೂ ಮರದ ಪೊಟರೆಯಿಂದ ಕೆಳಕ್ಕೆ ಹಾರಿ, ತಾಯಿಯ ಹಿಂದೆ ನೀರು ಸೇರಿದ ಮರಿಯೂ ಆ ಹಿಂಡಿನಲ್ಲಿದ್ದಿರಬಹುದು. ಅದು ಮುಂದಿನ ವರ್ಷವೂ ಬರುವುದೋ ಇಲ್ಲವೋ ಎಂದು ತಿಳಿಯಬೇಕಾದರೆ, ಈ ವರ್ಷ ಅದನ್ನು ಅದರ ಹೆಸರಿನಿಂದಲೇ ಬರೆದಿಡಬೇಕು.